ಕಾಂಟೆಸ್ಸಾಕ್ಕೆ ಬಣ್ಣ ಹೊಡೆಸಬೇಡಿ, ಪ್ಲೀಸ್!

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಮದುವೆ, ಎರಡೂ ಒಟ್ಟಿಗೆ ಬಂದು ಬ್ಲಾಗಿಗೆ ಧೂಳು ಹಿಡಿದಿತ್ತು. ಮದುವೆ ನನ್ನದಲ್ಲ, ದಯವಿಟ್ಟು ಶುಭಾಶಯ ಕಳಿಸಬೇಡಿ :) ನಮ್ಮ ಸೋದರಮಾವನ ಮಗಳದ್ದು. ಈ ಮದುವೆ ನೆಪದಲ್ಲಿ ನಮ್ಮ ಮನೆಗಳಲ್ಲಿ ಮೂರು ತಿಂಗಳು ಒಂದು ಜಗಳ ನಡೆಯಿತು. ಛತ್ರ, ಅಡಿಗೆಯವರು, ಸೀರೆ ಎಲ್ಲ ಬೇಗ ಇತ್ಯರ್ಥವಾದವು. ಇತ್ಯರ್ಥವಾಗದೆ ಉಳಿದದ್ದು ಮಾಮನ ಹಳೇ ಕಾರಿಗೆ ಹೊಸ ಬಣ್ಣ ಹೊಡೆಸಬೇಕೋ ಬೇಡವೋ ಅನ್ನೋದು. ನಾನು 'ಬೇಡ' ಪಾರ್ಟಿ. ಪಾರ್ಟಿಯಲ್ಲಿ ನಾನೊಬ್ಬನೇ ಇದ್ದೆ.

ಮೊದಲು ಕಾರಿನ ಪರಿಚಯ. ಮಾಮನದು ಮಾಮೂಲ್‌ಪೇಟೆಯಲ್ಲಿ ಅಂಗಡಿ. ತಾತ ಶುರು ಮಾಡಿದ್ದು. ಬಾಚಣಿಗೆ, ಕನ್ನಡಿ, ಹೇರ್‌ಪಿನ್ನು, ಡಜನ್ ಲೆಕ್ಕದ ವ್ಯಾಪಾರ. ಮನೆ ಚಾಮರಾಜಪೇಟೆ. 1991ರಲ್ಲಿ ಮಾಮ ಒಂದು ಕಾಂಟೆಸ್ಸಾ ಕ್ಲಾಸಿಕ್ ತಗೊಂಡರು. ಕಡು ಮರೂನ್ ಬಣ್ಣ, ಹೆಚ್ಚುಕಮ್ಮಿ ಬೇಯಿಸಿದ ಬೀಟ್‌ರೂಟಿನದು. ಮಾಮೂಲ್‌ಪೇಟೆಯ ಗಲ್ಲಿ ನೋಡಿದವರಿಗೆ ಗೊತ್ತು, ಎದುರಿಗೆ ಒಂದು ತಳ್ಳುಗಾಡಿ ಬಂದರೆ ಸ್ಕೂಟರೇ ನಿಲ್ಲಬೇಕು. ಅಲ್ಲಿಗೆ ನಾಲ್ಕೂವರೆ ಮೀಟರ್ ಉದ್ದದ ಕಾರು ತಗೊಂಡು ಹೋಗೋದು ಎಲ್ಲಿಂದ ಬಂತು? ಹಾಗಾಗಿ ಮಾಮ ಅಂಗಡಿಗೆ ಯಾವಾಗಲೂ ಸ್ಕೂಟರಿನಲ್ಲೇ ಹೋದರು. ಕಾಂಟೆಸ್ಸಾ ಹೊರಗೆ ಬರುತ್ತಿದ್ದದ್ದು ಭಾನುವಾರ, ಹಬ್ಬ, ಮತ್ತು ವರ್ಷಕ್ಕೊಂದು ಸಲ ಧರ್ಮಸ್ಥಳಕ್ಕೆ. ಅದೇ ಕಾರಣಕ್ಕೆ ಅದು ಇಂದಿಗೂ ಉಳಿದಿದೆ.

ಕಾಂಟೆಸ್ಸಾ ಗೊತ್ತಿಲ್ಲದ ಕಿರಿಯರಿಗೆ ಎರಡು ಮಾತು. ಅಮೆರಿಕದವರಿಗೆ ಮಸ್ಟಾಂಗ್ ಇದ್ದ ಹಾಗೆ ನಮಗೆ 'ಮಸಲ್ ಕಾರ್' ಅಂತ ಏನಾದರೂ ಇದ್ದರೆ ಅದು ಇದೇ. ಉದ್ದನೆ ಬಾನೆಟ್ಟು, ಮುಂದೆ ನಾಲ್ಕು ದುಂಡು ದೀಪ, ಅಗಲವಾದ ಮೈಕಟ್ಟು. ಬಾಡಿ ಮೂಲತಃ ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪನಿಯ ಎಪ್ಪತ್ತರ ದಶಕದ ಕಾರಿನದು. ಹಿಂದೂಸ್ತಾನ್ ಮೋಟರ್ಸ್‌ನವರು ಅದನ್ನು ತಂದು 1984ರಲ್ಲಿ ಕಾಂಟೆಸ್ಸಾ ಅಂತ ಹೆಸರಿಟ್ಟು ಮಾರಿದರು. ಶುರುವಿನಲ್ಲಿ ಒಳಗಿದ್ದದ್ದು ಒಂದೂವರೆ ಲೀಟರಿನ ಹಳೇ ಬಿಎಂಸಿ ಇಂಜಿನ್ನು, ಸುಮಾರು 50 ಕುದುರೆ ಶಕ್ತಿ. ಅಂದರೆ ನೋಟಕ್ಕೆ ಪೈಲ್ವಾನ, ಎದೆಯೊಳಗೆ ಅಂಬಾಸಿಡರ್! ಆಮೇಲೆ ಇಸುಝು 1.8 ಲೀಟರ್ ಇಂಜಿನ್ನು, ಐದು ಗೇರು ಬಂದ ಮೇಲೆ ಮೈಗೆ ತಕ್ಕ ಮರ್ಯಾದೆ ಸಿಕ್ಕಿತು. 2002ರಲ್ಲಿ ತಯಾರಿಕೆ ನಿಂತಿತು. ಮಾಮನದು ಇಸುಝು ಇಂಜಿನ್ನಿನದು.

ಇನ್ನು ಜಗಳಕ್ಕೆ ಬರೋಣ. ಮೂವತ್ತು ವರ್ಷದ ಬಿಸಿಲಿಗೆ ಕಾರಿನ ಬಾನೆಟ್ಟು, ಟಾಪು, ಡಿಕ್ಕಿ ಮೂರೂ ಬಿಳಿಚಿಕೊಂಡು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಕೈ ಸವರಿದರೆ ಕಪ್ಪು ಹಲಗೆ ಒರೆಸಿದ ಹಾಗೆ ಪುಡಿ ಅಂಟುತ್ತಿತ್ತು. ಮಗಳು ಮದುವೆ ಮನೆಗೆ ಇದೇ ಕಾರಲ್ಲಿ ಹೋಗ್ತೀನಿ ಅಂದಳು. ಅವಳ ತಮ್ಮ ತಕ್ಷಣ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ಮಿರಮಿರ ಮಿಂಚುವ ಕೆಂಪು, ಬಾನೆಟ್ಟಿನಿಂದ ಡಿಕ್ಕಿವರೆಗೆ ಎರಡು ಕಪ್ಪು ಪಟ್ಟೆ. "ಅಪ್ಪ, ಹಿಂಗ್ ಮಾಡ್ಸೋಣ, ಮಸಲ್ ಕಾರ್ ಲುಕ್ ಬರುತ್ತೆ." ಗ್ಯಾರೇಜಿನವರೊಬ್ಬರು ಬಂದು ನೋಡಿ, ಪೂರ್ತಿ ಹಳೇ ಬಣ್ಣ ಕೆರೆದು, ಪುಟ್ಟಿ, ಪ್ರೈಮರ್, ಬಣ್ಣ, ಮೇಲೆ ಕ್ಲಿಯರ್ ಕೋಟ್ ಎಲ್ಲ ಸೇರಿ ಒಂದು ಲಕ್ಷದ ನಲವತ್ತು ಸಾವಿರ ಅಂದರು. ಮಾಮ ಹೂಂ ಅಂದುಬಿಟ್ಟಿದ್ದರು.

ನಾನು ಅಡ್ಡ ಬಂದೆ. "ಮಾಮ, ಒಂದು ತಿಂಗಳು ಟೈಮ್ ಕೊಡಿ. ಕೆರೆಯೋದು ಬೇಡ."

"ಲೋ, ನಿಂಗೇನೋ ಗೊತ್ತು ಪೇಂಟ್ ವಿಷ್ಯ? ಕಂಪ್ಯೂಟರ್ ಕುಟ್ಟೋದು ಬಿಟ್ಟು?"

ಗೊತ್ತು ಮಾಮ. ಕಳಕೊಂಡು ಕಲಿತಿದ್ದೇನೆ. ಅದನ್ನ ಹೇಳಿಬಿಡ್ತೀನಿ.

ನಮ್ಮಪ್ಪನ ಹತ್ರ 1983ರ ಒಂದು ಯೆಜ್ಡಿ ಇದೆ. 1996ರಲ್ಲಿ ಬಾಗಿಲು ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, 2019ರಲ್ಲಿ, ಅಪ್ಪನಿಗೆ ಸರ್‌ಪ್ರೈಸ್ ಕೊಡೋಣ ಅಂತ ಅದನ್ನ 'ರೆಸ್ಟೋರ್' ಮಾಡಿಸಿದೆ. ಟ್ಯಾಂಕಿನ ಮೇಲೆ ಒಂದು ಸಣ್ಣ ಗೆರೆ ಇತ್ತು. ಕೈಯಲ್ಲೇ ಎಳೆದದ್ದಿರಬೇಕು, ಎಡಗಡೆ ತಿರುವಿನಲ್ಲಿ ಒಂದು ಕಡೆ ಕೂದಲೆಳೆಯಷ್ಟು ದಪ್ಪ ಆಗಿತ್ತು. ಕುಂಚ ಅಲ್ಲಿ ಒಂದು ಕ್ಷಣ ನಿಂತು ಮುಂದೆ ಹೋದ ಹಾಗೆ. ನಾನು ಅದನ್ನು ಗಮನಿಸಿದ್ದೇ ಗಾಡಿ ವಾಪಸ್ ಬಂದ ಮೇಲೆ, ಹಳೇ ಫೋಟೋ ನೋಡುವಾಗ. ಹೊಸ ಟ್ಯಾಂಕಿನ ಮೇಲೆ ಸ್ಟಿಕ್ಕರ್ ಗೆರೆ ಬಂದಿತ್ತು. ನೇರವಾಗಿ, ಒಂದೇ ದಪ್ಪಕ್ಕೆ. ಅಪ್ಪ ನೋಡಿ "ಚೆನ್ನಾಗಿದೆ ಕಣೋ" ಅಂದರು. ಆಮೇಲೆ ಆ ಗಾಡಿ ಓಡಿಸೋದನ್ನ ಕಮ್ಮಿ ಮಾಡಿದರು. ಕೇಳಿದರೆ ಮಂಡಿನೋವು ಅಂತಾರೆ. ಇರಬಹುದು. ತಪ್ಪು ಬಣ್ಣ ಹೊಡೆದವರದ್ದಲ್ಲ, ನಾನು ಹೇಳಿದ್ದನ್ನೇ ಅವರು ಮಾಡಿದ್ದು.

ಹಾಗಾಗಿ ನನ್ನ ವಾದ ಇಷ್ಟು. ಹಳೇ ಕಾರಿನ ಬಣ್ಣವನ್ನು ಸರಿಮಾಡೋದು ಅಂದರೆ ಆದಷ್ಟು ಕಮ್ಮಿ ತೆಗೆಯೋದು. ನಮ್ಮಲ್ಲಿ ರೆಸ್ಟೋರೇಷನ್ ಅಂತ ನಡೆಯುವುದರಲ್ಲಿ ಬಹುಪಾಲು ಇದ್ದದ್ದನ್ನು ಒರೆಸಿ ಹೊಸದು ಬರೆಯೋದೇ ಆಗಿದೆ. ಸಾಫ್ಟ್‌ವೇರ್‌ನವರಿಗೆ ಬೇಗ ಅರ್ಥ ಆಗೋ ಹಾಗೆ ಹೇಳೋದಾದರೆ, ಒಂದು ಬಗ್ ಇದೆ ಅಂತ ಇಡೀ ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಹೊಡೆಯುವ ಬುದ್ಧಿ ಇದು. ಬ್ಯಾಕಪ್ ಬೇರೆ ಇಲ್ಲ.

ಬಿಳಿಚಿಕೊಂಡ ಬಣ್ಣ ಸತ್ತಿಲ್ಲ ಅಂತ ಹೇಗೆ ಹೇಳ್ತೀಯ ಅಂತ ಮಾಮ ಕೇಳಿದರು. ನ್ಯಾಯವಾದ ಪ್ರಶ್ನೆ. ಬಣ್ಣ ಅಂದರೆ ಮುಖ್ಯವಾಗಿ ಎರಡು ವಸ್ತು. ಒಂದು, ಬಣ್ಣ ಕೊಡುವ ಪುಡಿ, ಅಂದರೆ ಪಿಗ್ಮೆಂಟು. ಇನ್ನೊಂದು, ಆ ಪುಡಿಯನ್ನು ಹಿಡಿದಿಡುವ ಅಂಟು, ಅಂದರೆ ರೆಸಿನ್ನು. ಬಿಸಿಲಿನ ಅಲ್ಟ್ರಾವಯಲೆಟ್ ಕಿರಣ ಮೇಲ್ಪದರದ ಅಂಟನ್ನು ಮುರಿಯುತ್ತದೆ. ಅಂಟು ಹೋದ ಮೇಲೆ ಪುಡಿ ಸುಮ್ಮನೆ ಮೇಲೆ ಕೂತಿರುತ್ತದೆ. ಕೈಗೆ ಅಂಟುವುದು ಅದೇ. ಆದರೆ ಈ ಹಾಳು ಬರೀ ಮೇಲುಮೇಲಿನದು. ಅದನ್ನು ಕೆಲವು ಮೈಕ್ರಾನ್ ತೆಗೆದರೆ ಕೆಳಗೆ ಗಟ್ಟಿ ಬಣ್ಣ ಇರುತ್ತದೆ, ಇರುವಷ್ಟು ದಿನ.

'ಇರುವಷ್ಟು ದಿನ' ಅನ್ನುವುದೇ ಮುಖ್ಯ. ಕಾರ್ಖಾನೆಯಿಂದ ಬಂದ ಬಣ್ಣ, ಪ್ರೈಮರ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಅಂದರೆ ಎರಡು ಕೂದಲಿನಷ್ಟು ದಪ್ಪದಲ್ಲಿ ನಾವು ಆಟ ಆಡಬೇಕು. ಇದು ತೆಗೆಯಲು ಮಾತ್ರ ಆಗುವ, ಕಟ್ಟಲು ಆಗದ ಬ್ಯಾಂಕ್ ಅಕೌಂಟು. ಎಷ್ಟಿದೆ ಅಂತ ನೋಡದೆ ಡ್ರಾ ಮಾಡಬಾರದು. ನೋಡೋದಕ್ಕೆ ಒಂದು ಸಣ್ಣ ಮೀಟರ್ ಸಿಗುತ್ತದೆ, ಕಬ್ಬಿಣದ ಮೇಲೆ ಇಟ್ಟರೆ ಬಣ್ಣದ ದಪ್ಪ ತೋರಿಸುತ್ತದೆ. ಸಹೋದ್ಯೋಗಿಯೊಬ್ಬನಿಂದ ಎರವಲು ತಂದೆ. ಟಾಪಿನ ಮೇಲೆ 105. ಬಾನೆಟ್ಟಿನಲ್ಲಿ 95ರಿಂದ 120. ಬಾಗಿಲುಗಳು 115ರ ಆಸುಪಾಸು. ಎಡಗಡೆ ಹಿಂದಿನ ಮಡ್ಗಾರ್ಡಿಗೆ ಇಟ್ಟರೆ 480! ಪುಟ್ಟಿ.

"ಮಾಮ, ಇಲ್ಲಿ ಯಾವಾಗ ಗುದ್ದಿಸಿದ್ರಿ?"

ಮಾಮ ಸುಮ್ಮನಿದ್ದರು. ಅತ್ತೆ ಒಳಗಿನಿಂದಲೇ, "ಲಾಲ್‌ಬಾಗ್ ಗೇಟ್ ಹತ್ರ, ರಿವರ್ಸ್ ತಗೊಳಕ್ಕೆ ಹೋಗಿ. ಇಪ್ಪತ್ತೈದು ವರ್ಷ ಆಯ್ತು, ನಂಗೆ ಹೇಳೇ ಇಲ್ಲ ಅನ್ಕೊಂಡಿದ್ದಾರೆ" ಅಂದರು. ಅವತ್ತಿನಿಂದ ಮಾಮನಿಗೆ ಆ ಮೀಟರಿನ ಮೇಲೆ ಸ್ವಲ್ಪ ಭಯ, ಸ್ವಲ್ಪ ಗೌರವ :)

ಒಂದಂತೂ ಗೊತ್ತಾಯಿತು. ಆ ಒಂದು ಮಡ್ಗಾರ್ಡ್ ಬಿಟ್ಟರೆ ಉಳಿದದ್ದೆಲ್ಲ ಕಾರ್ಖಾನೆಯ ಬಣ್ಣ. ಮೂವತ್ತು ವರ್ಷ ದಾಟಿದ ಎಷ್ಟು ಕಾಂಟೆಸ್ಸಾಗಳ ಬಗ್ಗೆ ಈ ಮಾತು ಹೇಳಬಹುದು?

ಇನ್ನೊಂದು ಪರೀಕ್ಷೆ. ಡಿಕ್ಕಿಯ ಒಳಬದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಬಿಳಿ ಬಟ್ಟೆಗೆ ಸ್ವಲ್ಪ ಪಾಲಿಷ್ ಹಾಕಿ ಉಜ್ಜಬೇಕು. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಒಂಟಿ ಪದರದ ಬಣ್ಣ, ಮೇಲೆ ಕ್ಲಿಯರ್ ಕೋಟ್ ಇಲ್ಲ. ನಮ್ಮದು ಹತ್ತಿತು. ಒಂಟಿ ಪದರದ ಬಣ್ಣದ ಒಳ್ಳೇ ಗುಣ ಅಂದರೆ ಬಣ್ಣವೂ ಹೊಳಪೂ ಅದರಲ್ಲೇ ಇರುತ್ತವೆ, ಉಜ್ಜಿದರೆ ಎರಡೂ ಮೇಲೆ ಬರುತ್ತವೆ. ಈಗಿನ ಕಾರುಗಳಲ್ಲಿ ಹೊಳಪೆಲ್ಲ ಮೇಲಿನ ಕ್ಲಿಯರ್ ಕೋಟಿನದು. ಅದು ಬಿಸಿಲಿಗೆ ಸಿಪ್ಪೆ ಏಳಲು ಶುರುವಾದರೆ ಉಜ್ಜಿ ಪ್ರಯೋಜನವಿಲ್ಲ. ಆ ಲೆಕ್ಕದಲ್ಲಿ ಮಾಮನ ಕಾರು ನನ್ನ ಕಾರಿಗಿಂತ ಅದೃಷ್ಟವಂತ.

ಕೆಲಸ ಹೇಗೆ ಮಾಡಿದೆ ಅಂತ ಚಿಕ್ಕದಾಗಿ ಹೇಳ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೊದಲು ಕಾರಿನ ಶಾಂಪೂ ಹಾಕಿ ತೊಳೆದದ್ದು. ಪಾತ್ರೆ ಸೋಪು ಬೇಡ. ಆಮೇಲೆ ಕ್ಲೇ ಬಾರ್ ಅಂತ ಸಿಗುವ ಜೇಡಿಯಂಥ ಮುದ್ದೆಯಿಂದ, ನೀರು ಚಿಮುಕಿಸಿಕೊಂಡು, ಮೈಗೆ ಅಂಟಿದ ಮರದ ಮೇಣ, ಧೂಳಿನ ಕಣ ತೆಗೆದದ್ದು. ನಂತರ ಎಣ್ಣೆಯಂಶ ಹೆಚ್ಚಿರುವ ಗ್ಲೇಜ್ ಹಚ್ಚಿ ಒಂದು ರಾತ್ರಿ ಹಾಗೇ ಬಿಟ್ಟೆ.

ಈ ಎಣ್ಣೆಯ ವಿಷಯ ಮಾಮನಿಗೆ ಮೊದಲು ತಮಾಷೆ ಅನಿಸಿತು. ಅತ್ತೆಗೆ ತಟ್ಟನೆ ಹೊಳೆಯಿತು. ಮಾಮನ ಮನೆಯಲ್ಲಿ ಇನ್ನೂ ಹಳೇ ಕೆಂಪು ನೆಲ ಇದೆ, ರೆಡ್ ಆಕ್ಸೈಡಿನದು. ಬಸವನಗುಡಿ, ಚಾಮರಾಜಪೇಟೆಯ ಹಳೇ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಹೇಳಬೇಕಿಲ್ಲ. ಆ ನೆಲ ಬಿಳಿಚಿಕೊಂಡರೆ ಹಬ್ಬದ ಹಿಂದಿನ ದಿನ ಬಟ್ಟೆಗೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸುತ್ತಾರೆ, ಮತ್ತೆ ಕೆಂಪು ಬರುತ್ತದೆ. ಒಣಗಿದ ಪುಡಿಯ ನಡುವಿನ ಸಂದಿಗೆ ಎಣ್ಣೆ ಇಳಿದರೆ ಬೆಳಕು ಚದುರುವುದು ಕಮ್ಮಿಯಾಗಿ ಬಣ್ಣ ಗಾಢವಾಗಿ ಕಾಣುತ್ತದೆ. ಕಾರಿನಲ್ಲೂ ನಡೆಯುವುದು ಹೆಚ್ಚುಕಮ್ಮಿ ಅದೇ. ಅಂದ ಹಾಗೆ, ನೆಲದ ಕೆಂಪೂ, ಕಾರಿನ ರೆಡ್ ಆಕ್ಸೈಡ್ ಪ್ರೈಮರಿನ ಕೆಂಪೂ ಒಂದೇ ಕಬ್ಬಿಣದ ಆಕ್ಸೈಡು. ತುಕ್ಕಿನ ದಾಯಾದಿ ತುಕ್ಕಿನಿಂದ ಕಾಯುತ್ತಾನೆ, ನೋಡಿ!

ಮಾರನೇ ದಿನ ಅತ್ಯಂತ ನಯವಾದ ಪಾಲಿಷ್‌ನಿಂದ ಶುರು. ಇದೊಂದು ನಿಯಮ ನೆನಪಿಡಿ, ಯಾವಾಗಲೂ ನಯವಾದದ್ದು ಮೊದಲು. ಅದರಲ್ಲಿ ಆಗದಿದ್ದರೆ ಮಾತ್ರ ಒರಟು ಕಾಂಪೌಂಡು. ನಮ್ಮ ಗ್ಯಾರೇಜುಗಳಲ್ಲಿ ನಡೆಯುವುದು ಉಲ್ಟಾ. ಮೊದಲೇ ವಾಟರ್ ಪೇಪರ್, ಆಮೇಲೆ ಒರಟು ಕಾಂಪೌಂಡು, ಕೊನೆಗೆ ಎಲ್ಲ ಗೀರು ಮುಚ್ಚಲು ಮೇಣ. ನಾನೇನೂ ಮಹಾ ನಿಪುಣನಲ್ಲ. ಬಾನೆಟ್ಟಿನ ನಡುವಿನ ಏಣಿನ ಮೇಲೆ ಮೆಷಿನ್ನು ಎರಡು ಸೆಕೆಂಡ್ ಜಾಸ್ತಿ ಹಿಡಿದೆ, ಅಕ್ಕಿಕಾಳಿನಷ್ಟು ಪ್ರೈಮರ್ ಕಂಡೇ ಹೋಯಿತು. ಅಂಚಿನಲ್ಲಿ, ಏಣಿನಲ್ಲಿ ಬಣ್ಣ ಯಾವಾಗಲೂ ತೆಳು, ಅಲ್ಲಿ ಟೇಪ್ ಹಾಕಬೇಕು ಅಂತ ಓದಿದ್ದೆ. ಓದಿದ್ದೆ ಅಷ್ಟೇ. ಆ ಅಕ್ಕಿಕಾಳು ಈಗಲೂ ಅಲ್ಲೇ ಇದೆ. ಮಾಮ ಬಂದವರಿಗೆಲ್ಲ ತೋರಿಸ್ತಾರೆ.

ನಾಲ್ಕು ಶನಿವಾರ, ಐದು ಭಾನುವಾರ. ಖರ್ಚು ಆರು ಸಾವಿರದ ಚಿಲ್ಲರೆ, ಬಾಡಿಗೆಗೆ ತಂದ ಮೆಷಿನ್ನೂ ಸೇರಿ. ಬಾನೆಟ್ಟಿನ ಅರ್ಧಕ್ಕೆ ಟೇಪ್ ಅಂಟಿಸಿ ಒಂದೇ ಕಡೆ ಮೊದಲು ಉಜ್ಜಿ ಮಾಮನನ್ನು ಕರೆದೆ. ಆ ಕಡೆ ಗುಲಾಬಿ, ಈ ಕಡೆ 1991. ಮಾಮ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ಅವತ್ತು 'ಬೇಡ' ಪಾರ್ಟಿಗೆ ಎರಡನೇ ಸದಸ್ಯ ಸೇರಿದ.

ಮೂರನೇ ಸದಸ್ಯ ಅತ್ತೆ. ಎಡಗಡೆ ಮುಂದಿನ ಬಾಗಿಲನ್ನು ಉಜ್ಜುವಾಗ ಹಿಡಿಯ ಸುತ್ತ ಕಮಾನಿನ ಆಕಾರದ ಸಣ್ಣ ಗೀರುಗಳು ಎದ್ದು ಕಂಡವು, ಒಂದರ ಪಕ್ಕ ಒಂದು, ನೂರಾರು. ಹತ್ತಿರ ಬಂದು ನೋಡಿದ ಅತ್ತೆ ಜೋರಾಗಿ ನಕ್ಕರು. "ನನ್ನ ಬಳೆ ಕಣೋ ಇದು! ಮೊದಲನೇ ಗೀರು ಬಿದ್ದಾಗ ನಿಮ್ಮ ಮಾಮ ಎರಡು ದಿನ ಮಾತು ಬಿಟ್ಟಿದ್ದರು." ಅವನ್ನು ತೆಗೆಯಬಹುದಿತ್ತು. ಮೀಟರಿನಲ್ಲಿ ಅಲ್ಲಿ 110 ಇತ್ತು, ದುಡ್ಡಿತ್ತು ಅಕೌಂಟಿನಲ್ಲಿ. ಮಾಮನೇ, "ಅಲ್ಲಿ ಬೇಡ ಬಿಡು, ಮುಂದಕ್ಕೆ ಹೋಗು" ಅಂದರು. ಒಂದು ಲಕ್ಷ ನಲವತ್ತು ಸಾವಿರ ಕೊಟ್ಟಿದ್ದರೆ ಮೊದಲ ದಿನವೇ ಅದು ಪುಡಿಯಾಗಿ ಗ್ಯಾರೇಜಿನ ಚರಂಡಿಗೆ ಹೋಗುತ್ತಿತ್ತು, ಯಾರಿಗೂ ಗೊತ್ತಾಗದೆ.

ಇದೆಲ್ಲ ಬರೀ ಸೆಂಟಿಮೆಂಟು ಅಂತ ನೀವು ಅನ್ನಬಹುದು. ಸರಿ, ಸೆಂಟಿಮೆಂಟ್ ಬೇಡ, ದುಡ್ಡಿನ ಮಾತೇ ಆಡೋಣ. 1968ರಲ್ಲಿ ಸ್ಟೀವ್ ಮೆಕ್ವೀನ್ 'ಬುಲಿಟ್' ಸಿನಿಮಾದಲ್ಲಿ ಓಡಿಸಿದ ಹಸಿರು ಮಸ್ಟಾಂಗನ್ನು 1974ರಲ್ಲಿ ಒಂದು ಕುಟುಂಬ 6,000 ಡಾಲರಿಗೆ ಕೊಂಡಿತು. ಮನೆಯ ಕಾರಾಗಿ ಓಡಿಸಿದರು, ಆಮೇಲೆ ಎಷ್ಟೋ ವರ್ಷ ಸುಮ್ಮನೆ ನಿಲ್ಲಿಸಿದ್ದರು. ಹೊಸ ಬಣ್ಣ ಹೊಡೆಸಲಿಲ್ಲ. 2020ರ ಜನವರಿಯಲ್ಲಿ ಮಾಸಿದ ಬಣ್ಣ, ತುಕ್ಕು, ತರಚು ಎಲ್ಲದರ ಸಮೇತ ಹರಾಜಿಗೆ ಬಂದಾಗ 34 ಲಕ್ಷ ಡಾಲರಿಗೆ ಕೂಗು ನಿಂತಿತು. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ 'ಫೀವಾ' 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದಿನ ತಿರುಳೂ ಇದೇ. ಇದ್ದದ್ದನ್ನು ಉಳಿಸಿಕೊಳ್ಳುವುದು ಮೊದಲು, ರೆಸ್ಟೋರೇಷನ್ನು ಅದು ಸಾಧ್ಯವಾಗದ ಕಡೆ. ಮಾಮನ ಕಾರಿಗೆ ಅಂಥ ಬೆಲೆ ಬರುವುದಿಲ್ಲ ಅಂತ ನನಗೂ ಗೊತ್ತು. ಆದರೆ ಹೊಸ ಬಣ್ಣದ ಕಾಂಟೆಸ್ಸಾ ಯಾವಾಗ ಬೇಕಾದರೂ ಮಾಡಿಸಬಹುದು. ಹಳೇ ಬಣ್ಣದ ಕಾಂಟೆಸ್ಸಾವನ್ನು ಎಷ್ಟು ದುಡ್ಡು ಕೊಟ್ಟರೂ ಮಾಡಿಸಲಾಗುವುದಿಲ್ಲ.

ಇನ್ನು ತುಕ್ಕಿನ ವಿಷಯ. ಇಲ್ಲಿ ನನ್ನ ವಾದಕ್ಕೆ ಮಿತಿ ಇದೆ. ತುಕ್ಕಿಗೆ ಸೆಂಟಿಮೆಂಟ್ ಇಲ್ಲ. ಎಡ ಮಡ್ಗಾರ್ಡಿನ ಪುಟ್ಟಿಯ ಕೆಳಗೆ ತಗಡು ಪೊರೆ ಎದ್ದಿತ್ತು, ಹಿಂದಿನ ಗಾಜಿನ ರಬ್ಬರ್ ಕೆಳಗೆ ನೀರು ನಿಂತು ಎರಡು ತೂತು ಬಿದ್ದಿದ್ದವು. ಅದನ್ನು ಉಜ್ಜಿ ಸರಿಮಾಡಲು ಆಗುವುದಿಲ್ಲ. ಕತ್ತರಿಸಿ, ವೆಲ್ಡ್ ಮಾಡಿ, ಎಪಾಕ್ಸಿ ಪ್ರೈಮರ್ ಹಾಕಿ ಬಣ್ಣ ಹೊಡೆಯಲೇಬೇಕು. ಜೆ.ಸಿ. ರಸ್ತೆಯಲ್ಲಿ ಅಲೆದು ಹೊಂದುವ ರಬ್ಬರ್ ಬೀಡಿಂಗ್ ಹುಡುಕಿದೆವು. ಬಣ್ಣಕ್ಕೆ ಕಲಾಸಿಪಾಳ್ಯದ ಕಡೆ ಒಂದು ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುವ ಪೇಂಟರ್ ಒಬ್ಬರ ಹತ್ತಿರ ಹೋದೆವು. ಅವರು ಬಾನೆಟ್ಟಿನ ಮೇಲೆ ಕೈಬೆನ್ನಿನಿಂದ ಸವರಿ, "ಕಂಪ್ನಿ ಪೇಂಟ್ ಸಾರ್ ಇದು. ನಾನ್ ಎಷ್ಟ್ ಚೆನ್ನಾಗ್ ಹೊಡುದ್ರೂ ಇದು ಬರಲ್ಲ. ಮುಟ್ಬೇಡಿ" ಅಂದರು. ಪೂರ್ತಿ ಕಾರಿನ ಕೆಲಸ ತಮಗೆ ಸಿಗಬಹುದಾಗಿದ್ದ ಮನುಷ್ಯ ಹೇಳಿದ ಮಾತಿದು. ಮಡ್ಗಾರ್ಡು ಮತ್ತು ಗಾಜಿನ ಕೆಳಗಿನ ಪಟ್ಟಿ ಮಾತ್ರ ಅವರಿಗೆ ಕೊಟ್ಟೆವು. ಡಿಕ್ಕಿಯೊಳಗಿನ ಬಿಸಿಲು ಕಾಣದ ಬಣ್ಣ ನೋಡಿಕೊಂಡು ಅವರು ಕಣ್ಣಳತೆಯಲ್ಲೇ ಶೇಡ್ ಕಲೆಸಿದರು. ಕಂಪ್ಯೂಟರ್ ಮಿಕ್ಸಿಂಗ್ ಬೇಕಾಗಲಿಲ್ಲ.

ಅಲ್ಲಿ ಕಂಡ ಇನ್ನೊಂದು ವಿಷಯ ಹೇಳದೆ ಈ ಬರಹ ಮುಗಿಸಲಾರೆ. ಅವರು ಸ್ಪ್ರೇ ಮಾಡುವಾಗ ಮೂಗಿಗೆ ಕಟ್ಟಿಕೊಂಡದ್ದು ಒಂದು ಕರ್ಚೀಫು. ಮಧ್ಯೆ ಮಧ್ಯೆ ನಿಲ್ಲಿಸಿ ಕೆಮ್ಮುತ್ತಿದ್ದರು. ಈಗ ಎಲ್ಲ ಕಡೆ ಹೊಡೆಯುವ ಟೂ-ಕೆ ಬಣ್ಣದಲ್ಲಿ ಹಾರ್ಡ್‌ನರ್ ಬೆರೆಸುತ್ತಾರೆ. ಅದರಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಬಣ್ಣ ಗಾಜಿನ ಹಾಗೆ ಗಟ್ಟಿಯಾಗುವುದು ಅದರಿಂದಲೇ. ಸ್ಪ್ರೇ ಮಾಡುವಾಗ ಅದು ಮಂಜಿನಂತೆ ಗಾಳಿಯಲ್ಲಿ ತೇಲುತ್ತದೆ, ಅಪಾಯದ ಮಟ್ಟ ದಾಟಿದರೂ ವಾಸನೆಯಿಂದ ಗೊತ್ತಾಗುವುದಿಲ್ಲ. ಒಮ್ಮೆ ಶ್ವಾಸಕೋಶಕ್ಕೆ ಅದರ ಅಲರ್ಜಿ ಹತ್ತಿತೋ, ಆಮೇಲೆ ತೀರಾ ಸಣ್ಣ ಪ್ರಮಾಣಕ್ಕೂ ಉಬ್ಬಸ ಬರುತ್ತದೆ. ಬ್ರಿಟನ್ನಿನಲ್ಲಿ ಕೆಲಸದಿಂದ ಬರುವ ಅಸ್ತಮಾದ ಮುಖ್ಯ ಕಾರಣಗಳಲ್ಲಿ ಇದೂ ಒಂದು ಅಂತ ಗುರುತಿಸಿದ್ದಾರೆ. ಅದಕ್ಕೇ ಅಲ್ಲಿ ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮುಖವಾಡ ಹಾಕಿಕೊಂಡು, ಮುಚ್ಚಿದ ಬೂತಿನಲ್ಲಿ ಸ್ಪ್ರೇ ಮಾಡುತ್ತಾರೆ. ನಮ್ಮಲ್ಲಿ ಕರ್ಚೀಫು.

ಹಳೇ ಬಣ್ಣ ಕೆರೆಯುವುದೂ ನಿರಪಾಯವಲ್ಲ. ಆ ಕಾಲದ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸ ಇರುತ್ತಿದ್ದದ್ದು ಮಾಮೂಲು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. 1991ರ ಕಾರನ್ನು ಒಣ ಪೇಪರಿನಿಂದ ಉಜ್ಜಿದರೆ ಎದ್ದ ಧೂಳು ಹೋಗುವುದು ಶೆಡ್ಡಿನಲ್ಲಿ ಕೆಲಸ ಮಾಡುವ ಹುಡುಗರ ಮೂಗಿಗೆ. ನಮ್ಮ ಕಾರು ಮಿರಮಿರ ಮಿಂಚಬೇಕು ಅಂತ ನಾವು ಕಟ್ಟುವ ಬಿಲ್ಲಿನಲ್ಲಿ ಇದು ಬರೆದಿರುವುದಿಲ್ಲ. ಬೇಕಿಲ್ಲದ ಒಂದು ಫುಲ್ ಪೇಂಟ್ ಕೆಲಸ ತಪ್ಪಿದರೆ ಅವರ ಸಂಪಾದನೆ ತಪ್ಪುತ್ತದಲ್ಲ ಅಂತ ಮಾಮನ ಮಗ ಕೇಳಿದ. ಹೌದು, ಅದೂ ನಿಜ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಾವು ಮಾಡಿದ್ದಿಷ್ಟು: ಎರಡು ಪ್ಯಾನೆಲ್ಲಿಗೆ ಅವರು ಕೇಳಿದಷ್ಟು ಕೊಟ್ಟೆವು, ಚೌಕಾಸಿ ಮಾಡಲಿಲ್ಲ. ಮೇಲೆ ಗಾಳಿ ಪೈಪಿನ ಮುಖವಾಡ ಒಂದನ್ನು ಕೊಡಿಸಿದೆವು. ಅವರು ಅದನ್ನು ದಿನಾ ಹಾಕಿಕೊಳ್ಳುತ್ತಾರೋ ಇಲ್ಲವೋ. ಮುಂದಿನ ಸಲ ಆ ಕಡೆ ಹೋದಾಗ ನೋಡಬೇಕು.

ಹಾಗಾದರೆ ಯಾರೂ ಬಣ್ಣ ಹೊಡೆಸಲೇಬಾರದಾ? ಹಾಗಂತ ನಾನು ಹೇಳ್ತಿಲ್ಲ. ಈಗಾಗಲೇ ಮೂರು ಸಲ ಬಣ್ಣ ಹೊಡೆಸಿದ ಕಾರಿನಲ್ಲಿ ಉಳಿಸಲು ಏನಿದೆ? ಧಾರಾಳವಾಗಿ ಹೊಡೆಸಿ. ಆದರೆ ಬಾಗಿಲಿನ ರಬ್ಬರ್ ಕೆಳಗೆ, ಡ್ಯಾಷ್‌ಬೋರ್ಡ್ ಹಿಂದೆ, ಡಿಕ್ಕಿಯ ಮೂಲೆಯಲ್ಲಿ ಎಲ್ಲಾದರೂ ಕಾರ್ಖಾನೆಯ ಬಣ್ಣ ಅಂಗೈಯಗಲ ಉಳಿದಿದ್ದರೆ ಅದನ್ನು ಹಾಗೇ ಬಿಡಿ. ಮುಂದೆ ಯಾರಾದರೂ ನಿಜವಾದ ಶೇಡ್ ಹುಡುಕಿದರೆ ಅದೇ ದಾಖಲೆ. ಬಣ್ಣವನ್ನೇ ಬದಲಾಯಿಸುವುದಾದರೆ ಆರ್‌ಸಿಯಲ್ಲೂ ಬದಲಾಯಿಸಬೇಕು, ಅದಕ್ಕೆ ಆರ್‌ಟಿಓ ಓಡಾಟ. ಈ ಮಾತು ಹೇಳಿದ ಮೇಲೆ ಮಾಮನ ಮಗನ ಕಪ್ಪು ಪಟ್ಟೆಯ ಉತ್ಸಾಹ ಅರ್ಧ ಇಳಿಯಿತು :) ಮತ್ತೆ, ಕೆಲಸ ಶುರುವಾಗುವ ಮುಂಚೆ ಪ್ರತಿ ಪ್ಯಾನೆಲ್ಲಿನ ಫೋಟೋ ತೆಗೆದಿಡಿ. ನಾನು ಯೆಜ್ಡಿಯ ವಿಷಯದಲ್ಲಿ ಮಾಡಲಿಲ್ಲ. ನನ್ನ ಹತ್ತಿರ ಉಳಿದಿರುವುದು ಅಪ್ಪ ಅಮ್ಮ ನಂದಿಬೆಟ್ಟದಲ್ಲಿ ಗಾಡಿ ಪಕ್ಕ ನಿಂತ ಒಂದೇ ಫೋಟೋ. ಅದರಲ್ಲಿ ಆ ಗೆರೆ ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧಕ್ಕೆ ಅಮ್ಮನ ಸೆರಗು ಅಡ್ಡ.

ಮದುವೆ ದಿನ ಮಲ್ಲಿಗೆ ಹಾರ ಹಾಕಿಸಿಕೊಂಡು ಕಾಂಟೆಸ್ಸಾ ಚಾಮರಾಜಪೇಟೆಯಿಂದ ಬಸವನಗುಡಿಯ ಛತ್ರಕ್ಕೆ ಹೊರಟಿತು. ಹತ್ತಿರದಿಂದ ನೋಡಿದರೆ ಟಾಪಿನ ಮೇಲೆ ಒಂದು ಕಡೆ ಮಬ್ಬು ಇನ್ನೂ ಇದೆ. ಅಲ್ಲಿ ಬಣ್ಣ ತೆಳುವಾಗಿತ್ತು, ನಾನು ಕೈ ಇಡಲಿಲ್ಲ. ಹೊಸ ಮಡ್ಗಾರ್ಡು ಪಕ್ಕದ ಬಾಗಿಲಿಗಿಂತ ಕೂದಲೆಳೆ ಗಾಢ. ಛತ್ರದ ಬಾಗಿಲಲ್ಲಿ ಬೀಗರ ಕಡೆಯವರೊಬ್ಬರು ಕಾರಿಗೆ ಒಂದು ಸುತ್ತು ಬಂದು, "ಚೆನ್ನಾಗಿ ಇಟ್ಟಿದ್ದೀರಿ ಸಾರ್, ಪೇಂಟ್ ಯಾವಾಗ ಮಾಡಿಸಿದ್ರಿ?" ಅಂತ ಕೇಳಿದರು.

"ತೊಂಬತ್ತೊಂದರಲ್ಲಿ" ಅಂದರು ಮಾಮ.

ನಿಮ್ಮ ಮನೆಯ ಶೆಡ್ಡಿನಲ್ಲೂ ಒಂದು ಪದ್ಮಿನಿಯೋ, ಅಂಬಾಸಿಡರೋ, ಜಾವಾನೋ ಧೂಳು ತಿನ್ನುತ್ತಾ ನಿಂತಿದ್ದರೆ ನನ್ನದೊಂದೇ ಕೋರಿಕೆ. ಗ್ಯಾರೇಜಿಗೆ ಫೋನ್ ಮಾಡುವ ಮುಂಚೆ ಒಂದು ಬಿಳಿ ಬಟ್ಟೆ ತಗೊಂಡು ಹೋಗಿ, ಡಿಕ್ಕಿಯ ಒಳಬದಿಯಲ್ಲೋ ಟ್ಯಾಂಕಿನ ಅಡಿಯಲ್ಲೋ ಒಂದು ಮೂಲೆ ಉಜ್ಜಿ ನೋಡಿ. ಏನು ಕಂಡಿತು ಅಂತ ನನಗೂ ತಿಳಿಸಿ.